ಬೇಕೆಂದೇ ಸೋತ ಗುರುವಾರಗಳು

ಮೊನ್ನೆ ಡ್ರೈಯರಿನಿಂದ ಬಟ್ಟೆ ತೆಗೆಯುವಾಗ ನನ್ನ ಸ್ವೆಟರಿನ ಜೇಬಿನಿಂದ ಒಂದು ಬಿಳಿ ಕಲ್ಲು ಉದುರಿತು. ಕಲ್ಲೆಂದರೆ ರಸ್ತೆಯ ಕಲ್ಲಲ್ಲ. ಗುಂಡಗಿದೆ, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ತುಸು ಉಬ್ಬು. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಟ್ಟೆ ಮಡಚಲು ಹೋದೆ. ತಿರುಗಿ ಬರುವಷ್ಟರಲ್ಲಿ ನಮ್ಮ ಮನೆಯವರು ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಕೈಯಲ್ಲಿ ಆ ಕಲ್ಲು ಹಿಡಿದು ಯೋಚನೆಯಲ್ಲಿ ನಿಂತಿದ್ದರು.

"ಇದು ಎಂತ ಮಾರಾಯ್ತಿ, ಹೊಸ ಮಾತ್ರೆಯಾ? ಇಷ್ಟು ದೊಡ್ಡದು ನುಂಗುದು ಹೇಗೆ?"

ಫಾರ್ಮಸಿಯಲ್ಲಿ ಕೆಲಸ ಮಾಡುವವಳನ್ನು ಮದುವೆಯಾದವರ ಪಾಡು ಇದು. ಇಪ್ಪತ್ತೆಂಟು ವರ್ಷದಿಂದ ನಾನು ಕಟ್ಟೆಯ ಮೇಲೆ ಇಟ್ಟದ್ದನ್ನು ಏನು, ಯಾಕೆ ಎಂದು ಕೇಳದೆ ನುಂಗಿ ಅವರಿಗೆ ಅಭ್ಯಾಸವಾಗಿದೆ. ಆ ದಿನ ಕೇಳಿದರಲ್ಲ, ಅದು ನನ್ನ ಪುಣ್ಯ.

ಕಲ್ಲು ನಾವಿರುವ ಊರು ಡ್ಯಾನ್‌ವಿಲ್‌ನ ಲೈಬ್ರರಿಯದು. ಅಲ್ಲಿ ಗುರುವಾರ ಮಧ್ಯಾಹ್ನ ಹಿರಿಯರ ಆಟದ ಕೂಟ ನಡೆಯುತ್ತದೆ. ಗುರುವಾರ ನನಗೆ ರಜೆ. ಮೂರು ವರ್ಷದ ಹಿಂದೆ ಮಗಳು ಅನಘಾಳನ್ನು ಅದೇ ಲೈಬ್ರರಿಗೆ ಗಣಿತದ ಟ್ಯೂಷನ್ನಿಗೆ ಬಿಟ್ಟು, ಒಂದೂವರೆ ಗಂಟೆ ಏನು ಮಾಡುವುದೆಂದು ತಿಳಿಯದೆ ಆ ಕೋಣೆಗೆ ಇಣುಕಿದ್ದೆ. ಆಗ ನನಗೆ ಐವತ್ತನಾಲ್ಕು. "ಹಿರಿಯರಿಗೆ ಮಾತ್ರ" ಎಂದು ಬಾಗಿಲಲ್ಲಿ ಬರೆದಿತ್ತು. ಯಾರಾದರೂ ನನ್ನನ್ನು ತಡೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆ. ಯಾರೂ ತಡೆಯಲಿಲ್ಲ. ನನಗೆ ಬೇಜಾರಾಯಿತು.

ಮೊದಲು ಕಿವಿಗೆ ಬಿದ್ದದ್ದು ಮಾಜಾಂಗ್. ನಾಲ್ಕು ಜನ ಚೀನೀ ಹೆಂಗಸರು ದಂತದ ಬಣ್ಣದ ಬಿಲ್ಲೆಗಳನ್ನು ಮೇಜಿನ ತುಂಬ ಹರಡಿ ಎರಡೂ ಕೈಯಿಂದ ಕಲಸುತ್ತಿದ್ದರು. ಮೊರದಲ್ಲಿ ಹುಣಸೆಬೀಜ ಕೇರಿದ ಹಾಗೆ ಸದ್ದು. ಒಂದು ವಾರ ನಾಲ್ಕನೆಯವರು ಬಾರದ್ದರಿಂದ ನನ್ನನ್ನು ಕೂರಿಸಿಕೊಂಡರು. ಬಿಲ್ಲೆಯ ಮೇಲೆ ಎರಡು ಬಿದಿರಿದ್ದರೆ ಎರಡು, ಮೂರಿದ್ದರೆ ಮೂರು, ಆದರೆ ಒಂದಕ್ಕೆ ಮಾತ್ರ ಬಿದಿರಿನ ಬದಲು ಹಕ್ಕಿ. ಹಕ್ಕಿ ಯಾಕೆ ಎಂದು ನಾನು ಕೇಳಿ ಮುಗಿಸುವಷ್ಟರಲ್ಲಿ ಒಬ್ಬಾಕೆ ಗೆದ್ದೂ ಆಗಿತ್ತು. ಮುಂದಿನ ವಾರ ಅವರು ನನ್ನನ್ನು ನೋಡಿ ಬಹಳ ವಿನಯದಿಂದ ನಕ್ಕರು. ಕರೆಯಲಿಲ್ಲ.

ಕಿಟಕಿಯ ಬಳಿ ಗಂಡಸರ ಚೀನೀ ಚೆಸ್ಸು. ಅದರ ಹಲಗೆಯ ನಡುವೆ ಒಂದು ನದಿ ಇದೆ. ಸೈನಿಕ, ಕುದುರೆ ದಾಟಬಹುದು, ಆನೆ ದಾಟುವಂತಿಲ್ಲ. ನಮ್ಮ ಕಡೆ ಆನೆಗಳು ಹೊಳೆಯಲ್ಲೇ ಬಿದ್ದುಕೊಂಡಿರುತ್ತವೆ ಎಂದು ಹೇಳಲು ನನಗೆ ಬಾಯಿ ತುರಿಸುತ್ತಿತ್ತು. ಅಲ್ಲಿ ಕಾಯಿ ಇಡುವುದೂ ಇಲ್ಲ, ಕುಟ್ಟುತ್ತಾರೆ. ಲೈಬ್ರರಿಯ ಹುಡುಗಿ ಆಗಾಗ ಬಂದು ತುಟಿಗೆ ಬೆರಳಿಟ್ಟು ತೋರಿಸಿ ಹೋಗುತ್ತಾಳೆ.

ಈ ಎಲ್ಲ ಗದ್ದಲದಿಂದ ದೂರ, ಮೂಲೆಯ ಮೇಜಿನಲ್ಲಿ, ಒಬ್ಬರೇ ಕೂತಿದ್ದವರು ಮಿಸ್ಟರ್ ಲಿಯಾಂಗ್. ಎಪ್ಪತ್ತೈದರ ಸಣ್ಣ ದೇಹ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸೇತುವೆಗಳ ನಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಪಕ್ಕದ ಊರು ಸ್ಯಾನ್ ರಮೋನ್‌ನಿಂದ ತಾವೇ ಕಾರು ಓಡಿಸಿಕೊಂಡು ಬರುತ್ತಾರೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದು ಅವರೂರಿನ ಇಂಗ್ಲಿಷು, ನನ್ನದು ಉಡುಪಿಯದು. ಇಲ್ಲಿ ನನ್ನ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತೇನೆ. ಅವರು ಎದುರಿನ ಖಾಲಿ ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಇದಕ್ಕೆ ಇಬ್ಬರು ಸಾಕು" ಎಂದರು.

ಅವರು ಅದನ್ನು ವೇಯ್‌ಚಿ ಎನ್ನುತ್ತಾರೆ, ಲೈಬ್ರರಿಯ ಬೋರ್ಡಿನಲ್ಲಿ ಗೋ ಎಂದು ಬರೆದಿದೆ. ಅಡ್ಡ ಹತ್ತೊಂಬತ್ತು ಗೆರೆ, ಉದ್ದ ಹತ್ತೊಂಬತ್ತು ಗೆರೆ. ಒಬ್ಬರಿಗೆ ಕಪ್ಪು ಕಲ್ಲು, ಒಬ್ಬರಿಗೆ ಬಿಳಿ. ಸರದಿಯ ಮೇಲೆ ಒಂದೊಂದೇ ಕಲ್ಲಿಟ್ಟು ಜಾಗಕ್ಕೆ ಬೇಲಿ ಹಾಕುತ್ತಾ ಹೋಗಬೇಕು. ಎದುರಿನವರ ಕಲ್ಲುಗಳನ್ನು ಪೂರ್ತಿ ಸುತ್ತುವರಿದರೆ ಅವು ಸತ್ತಂತೆ. ಕೊನೆಗೆ ಯಾರ ಬೇಲಿಯೊಳಗೆ ಹೆಚ್ಚು ಜಾಗವೋ ಅವರು ಗೆದ್ದಂತೆ. ಮೊದಲ ದಿನ ನಾನು ಕಲ್ಲನ್ನು ಚೌಕದ ನಡುವೆ ಇಟ್ಟೆ. ಚೌಕಾಬಾರ ಆಡಿ ಬೆಳೆದವಳಿಗೆ ಕಾಯಿ ಮನೆಯೊಳಗೇ ಇರಬೇಕಲ್ಲ. ಅವರು ನಗಲಿಲ್ಲ. ತೋರುಬೆರಳಿನಿಂದ ನನ್ನ ಕಲ್ಲನ್ನು ಗೆರೆ ಗೆರೆ ಕೂಡುವಲ್ಲಿಗೆ ಮೆಲ್ಲಗೆ ಸರಿಸಿದರು.

ಬಲ್ಲವರು ಬಿಳಿ ಕಲ್ಲು ಹಿಡಿಯುತ್ತಾರೆ. ಕಲಿಯುವವರಿಗೆ ಕಪ್ಪು, ಜೊತೆಗೆ ಆಟ ಶುರುವಾಗುವ ಮೊದಲೇ ಒಂದಷ್ಟು ಕಲ್ಲು ಹಲಗೆಯ ಮೇಲೆ ಇಟ್ಟುಕೊಳ್ಳುವ ರಿಯಾಯಿತಿ. ನನಗೆ ಒಂಬತ್ತು ಕೊಟ್ಟಿದ್ದರು. ಅದಕ್ಕಿಂತ ಹೆಚ್ಚು ಕೊಡುವ ಪದ್ಧತಿ ಇಲ್ಲವಂತೆ. ಒಂಬತ್ತಿದ್ದೂ ನಾನು ವರ್ಷವಿಡೀ ಸೋತೆ. ಸತತ ಮೂರು ಸಲ ಗೆದ್ದರೆ ಒಂದು ಕಲ್ಲು ಕಡಿಮೆ, ಮೂರು ಸಲ ಸೋತರೆ ಒಂದು ಹೆಚ್ಚು, ಹೀಗೆ ನಮ್ಮ ಲೆಕ್ಕ.

ಆದರೆ ನನ್ನನ್ನು ಹಿಡಿದಿಟ್ಟದ್ದು ಆಟವಲ್ಲ, ಆಟ ಮುಗಿದ ಮೇಲಿನದು. ಇವರಲ್ಲಿ ಸೋತವರು ಗೊಣಗುತ್ತಾ ಎದ್ದು ಹೋಗುವಂತಿಲ್ಲ. ಕಲ್ಲುಗಳನ್ನೆಲ್ಲ ಬಟ್ಟಲಿಗೆ ತುಂಬಿ, ಮೊದಲ ಕಲ್ಲಿನಿಂದ ಅದೇ ಆಟವನ್ನು ನೆನಪಿನಿಂದ ಮತ್ತೆ ಇಡುತ್ತಾ ಬರಬೇಕು. ಎಲ್ಲಿ ತಪ್ಪಿತೋ ಅಲ್ಲಿ ನಿಲ್ಲಿಸಿ, ಇಲ್ಲಿ ಹೀಗೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಸೇರಿ ನೋಡಬೇಕು. ಮಿಸ್ಟರ್ ಲಿಯಾಂಗ್ ಇನ್ನೂರು ಕಲ್ಲಿನ ಆಟವನ್ನು ಒಂದೂ ತಪ್ಪದೆ ಇಡುತ್ತಿದ್ದರು. ನಾನು ಇಟ್ಟ ಕಲ್ಲು ನನಗೇ ನೆನಪಿರದಾಗ, "ಮಿಸೆಸ್ ರಾವ್, ನೀವು ಇಲ್ಲಿ ಇಟ್ರಿ. ಇಟ್ಟು ಕೆಮ್ಮಿದ್ರಿ" ಎನ್ನುತ್ತಿದ್ದರು. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದು ಯಾಕೆ ತೆರೆದೆ ಎಂದು ನಿಲ್ಲುವ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಕಳೆದ ವರ್ಷ ನನ್ನ ರಿಯಾಯಿತಿ ನಾಲ್ಕಕ್ಕೆ ಇಳಿಯಿತು. ದೀಪಾವಳಿಯ ನಂತರ ಮೂರಾಯಿತು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಎರಡು. ನಾನು ಮನೆಯಲ್ಲಿ ಮೆರೆದದ್ದೇ ಮೆರೆದದ್ದು. ಈ ವಯಸ್ಸಿನಲ್ಲಿ ಬುದ್ಧಿ ಹೀಗೆ ಚುರುಕಾಗುವುದು ಎಲ್ಲರಿಗೂ ಆಗುವಂಥದ್ದಲ್ಲ ಎಂದು ಊಟದ ಹೊತ್ತಿಗೆ ಭಾಷಣ ಮಾಡಿದೆ. "ಹಾಗಾದ್ರೆ ಕಾರಿನ ಕೀ ಎಲ್ಲಿಟ್ಟಿದ್ದಿ ಅದನ್ನೂ ಹೇಳಿಬಿಡು" ಎಂದರು ಇವರು.

ಒಂದು ಗುರುವಾರ ಆಟ ಮುಗಿದಾಗ ಮಿಸ್ಟರ್ ಲಿಯಾಂಗ್ ಕೈಗಡಿಯಾರ ನೋಡಿ, "ಇವತ್ತು ಮತ್ತೆ ಇಡೋದು ಬೇಡ, ಹೊತ್ತಾಯ್ತು" ಎಂದರು. ಹೊತ್ತಾಗಿರಲಿಲ್ಲ. ಮುಂದಿನ ವಾರ ಇಡಲು ಕೂತರು. ಇಪ್ಪತ್ತನೆಯ ಕಲ್ಲಿನ ಹೊತ್ತಿಗೆ ಅವರ ಕೈ ಹಲಗೆಯ ಮೇಲೆ ಗಾಳಿಯಲ್ಲಿ ನಿಂತಿತು. ಬೆರಳ ನಡುವೆ ಬಿಳಿ ಕಲ್ಲು. ಎಲ್ಲಿ ಇಡಬೇಕೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅವರು ಕಲ್ಲನ್ನು ಬಟ್ಟಲಿಗೆ ಹಾಕಿ ಟೀ ಕುಡಿಯೋಣವೇ ಎಂದು ಕೇಳಿದರು. ನಾನು ಮೇಲೇರಿದ್ದಲ್ಲ, ಅವರು ಕೆಳಗಿಳಿದದ್ದು ಎಂದು ಆಗ ಹೊಳೆಯಿತು.

ಮುಂದಿನ ಗುರುವಾರದಿಂದ ನಾನು ಬೇಕೆಂದೇ ಸೋಲತೊಡಗಿದೆ.

ಇದಕ್ಕೆ ನಾನೇನೂ ಹೊಸದಾಗಿ ಯೋಚಿಸಬೇಕಾಗಿರಲಿಲ್ಲ ನೋಡಿ. ಸೋಲುವುದರಲ್ಲಿ ನನಗೆ ಚಿಕ್ಕಂದಿನಿಂದ ತರಬೇತಾಗಿದೆ. ನಮ್ಮ ಅಪ್ಪಯ್ಯ ಹೆಡ್‌ಮಾಸ್ಟರು. ಚೆಸ್ಸಿನಲ್ಲಿ ಸೋತರೆ ಊಟ ಬಿಟ್ಟು ಮಲಗಿಬಿಡುತ್ತಿದ್ದರು. ಅವರ ಎದುರು ಕೂರುವ ಮೊದಲೇ ಅಮ್ಮ ಒಳಗೆ ಕರೆದು, "ಪತ್ರೊಡೆ ಮಾಡಿದ್ದೇನೆ ಇವತ್ತು. ನೀ ಗೆಲ್ಬೇಡ, ಆಯ್ತಾ?" ಎಂದು ಕಿವಿಯಲ್ಲಿ ಹೇಳುವಳು. ಚಿಕ್ಕಪ್ಪಂದಿರು, ಅತ್ತೆಯ ಮಕ್ಕಳು, ಪೋಸ್ಟ್‌ಮಾಸ್ಟರು, ಎಲ್ಲರಿಗೂ ಇದೇ ಸೂಚನೆ. ತನ್ನನ್ನು ಸೋಲಿಸುವವರು ಈ ಊರಿನಲ್ಲೇ ಇಲ್ಲ ಎಂಬ ನಂಬಿಕೆಯಲ್ಲೇ ಅಪ್ಪಯ್ಯ ತೀರಿಕೊಂಡರು. ನಾವೆಲ್ಲ ಅದನ್ನು ನೆನೆದು ಈಗಲೂ ನಗುತ್ತೇವೆ.

ಮದುವೆಯಾದ ಮೇಲೆ ಅತ್ತೆಯವರ ಸರದಿ. ಅವರದು ಚೆನ್ನೆಮಣೆ. ಮರದ ಮಣೆಯ ಏಳೇಳು ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ ಹಂಚುತ್ತಾ ಹೋಗುವ ಆಟ. ಗಂಡನ ಮನೆಗೆ ಹೊರಟಾಗ ಅಮ್ಮ ಕೊಟ್ಟ ಬುದ್ಧಿಮಾತುಗಳಲ್ಲಿ ಇದೂ ಒಂದಾಗಿತ್ತು: ಅತ್ತೆಯೊಟ್ಟಿಗೆ ಆಡು, ಚೆನ್ನಾಗಿ ಆಡು, ಗೆಲ್ಲಬೇಡ. ಒಮ್ಮೆ ಮರೆತು ಗೆದ್ದುಬಿಟ್ಟೆ. ಎರಡು ದಿನ ನನ್ನ ಸಾರಿಗೆ ಉಪ್ಪು ಸಾಲಲಿಲ್ಲ. ಕೊನೆಗೆ ಅನಘಾ ಸಣ್ಣವಳಿದ್ದಾಗ ಅವಳಿಗೂ ಬೇಕೆಂದೇ ಸೋತೆ. ಹಿರಿಯರಿಗೆ ಗೌರವ, ಮಕ್ಕಳಿಗೆ ಪ್ರೀತಿ, ಎರಡಕ್ಕೂ ನನ್ನ ಹತ್ತಿರ ಇದ್ದದ್ದು ಸೋಲು ಒಂದೇ.

ಆದರೆ ವೇಯ್‌ಚಿಯಲ್ಲಿ ಸೋಲುವುದು ಸುಲಭವಲ್ಲ. ತೀರಾ ಪೆದ್ದು ಪೆದ್ದಾಗಿ ಸೋತರೆ ಗೊತ್ತಾಗುತ್ತದೆ. ಆಟದ ನಡುವಿನಲ್ಲಿ ಎಲ್ಲೋ ಒಂದು ಕಡೆ, ಇಡಬೇಕಾದ ಜಾಗದ ಪಕ್ಕದಲ್ಲಿ ಕಲ್ಲಿಟ್ಟು, ಆಮೇಲೆ ಪ್ರಾಮಾಣಿಕವಾಗಿ ಒದ್ದಾಡಬೇಕು. ಎರಡಕ್ಕೆ ಇಳಿದ ನನ್ನ ರಿಯಾಯಿತಿ ಮೂರಾಯಿತು, ನಾಲ್ಕಾಯಿತು. ಕೈಯಲ್ಲಿ ಹೆಚ್ಚು ಕಲ್ಲು ಇದ್ದಷ್ಟೂ ಸೋಲುವ ಕೆಲಸ ಹೆಚ್ಚು. ಮಿಸ್ಟರ್ ಲಿಯಾಂಗ್ ಮುಖ ಮಾತ್ರ ಅರಳಿತು. ಜೇಬಿನಿಂದ ಚಿಕ್ಕ ನೋಟ್‌ಬುಕ್ ತೆಗೆದು ಪ್ರತಿ ವಾರದ ಫಲಿತಾಂಶ ಬರೆಯತೊಡಗಿದರು. ನೋಡಿ ನನಗೆ ತೃಪ್ತಿಯಾಯಿತು. ಒಬ್ಬ ಮುದುಕರ ಮುಖದಲ್ಲಿ ನಗು ತಂದೆ ಎಂದು ಕಾರಿನಲ್ಲಿ ಬರುವಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜೂನ್ ತಿಂಗಳಲ್ಲಿ ಒಂದು ದಿನ ಅವರ ಮಗಳು, ಮೇ ಎಂದು ಹೆಸರು, ಲೈಬ್ರರಿಗೆ ಬಂದಳು. ನಲವತ್ತರ ಆಸುಪಾಸಿನ, ಆಫೀಸಿನ ಬ್ಯಾಡ್ಜು ಇನ್ನೂ ಸೊಂಟದಲ್ಲಿರುವ ಹೆಂಗಸು. ತಂದೆ ಟೀ ತರಲು ಹೋದಾಗ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಿಸೆಸ್ ರಾವ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮಾರ್ಚಿನಲ್ಲಿ ನಮಗೆ ತುಂಬ ಹೆದರಿಕೆಯಾಗಿತ್ತು. ಮರೆವು ಶುರುವಾಗಿದೆ, ಇನ್ನೂ ಟೆಸ್ಟು ಮಾಡ್ಬೇಕು, ಡ್ರೈವಿಂಗೂ ಚೆಕ್ ಮಾಡ್ಬೇಕು ಅಂದ್ರು ಡಾಕ್ಟರು. ಅಪ್ಪ ಒಪ್ಪಲೇ ಇಲ್ಲ. ಈ ಆಟವೇ ನನ್ನ ಟೆಸ್ಟು, ಇದರಲ್ಲಿ ಸೋತರೆ ನಾನೇ ಕೀ ಕೊಡ್ತೇನೆ ಅಂದ್ರು. ಈಗ ನೋಡಿ, ವಾರ ವಾರ ನೋಟ್‌ಬುಕ್ ತಂದು ತೋರಿಸ್ತಾರೆ. ನಿಮ್ಮನ್ನೇ ಸೋಲಿಸ್ತಿದ್ದಾರಲ್ಲ! ನನಗೂ ನಂಬಿಕೆ ಬಂದಿದೆ."

"ಕಾರು...?" ಎಂದೆ.

"ಓಡಿಸ್ತಾರೆ. ಮೊಮ್ಮಗಳನ್ನ ಡೇಕೇರಿಂದ ದಿನಾ ಅವರೇ ಕರ್ಕೊಂಡು ಬರೋದು, ಫ್ರೀವೇಯಲ್ಲಿ. ಕಳೆದ ತಿಂಗಳು ಒಂದು ಸಲ ಎಕ್ಸಿಟ್ ತಪ್ಪಿ ಒಂದು ಗಂಟೆ ಸುತ್ತಿದ್ರು. ಅದು ಯಾರಿಗೂ ಆಗೋದೇ ಅಲ್ವಾ?"

ಯಾರಿಗೂ ಆಗುವುದೇ, ನನಗೇ ಆಗಿದೆ. ಆದರೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಇರಲಿಲ್ಲ, ಮತ್ತು ನನಗೆ ಯಾರೂ ವಾರ ವಾರ ಸುಳ್ಳು ಸರ್ಟಿಫಿಕೇಟು ಬರೆದು ಕೊಟ್ಟಿರಲಿಲ್ಲ. ಫಾರ್ಮಸಿಯಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾಗದಂತೆ ಎರಡೆರಡು ಸಲ ಎಣಿಸುವವಳು ನಾನು. ಇಲ್ಲಿ ಒಬ್ಬರ ಕಾಯಿಲೆಯನ್ನೇ ಮುಚ್ಚಿಟ್ಟಿದ್ದೆ, ಅದೂ ಪುಣ್ಯದ ಕೆಲಸವೆಂದುಕೊಂಡು. ಮಿಸ್ಟರ್ ಲಿಯಾಂಗ್ ಟೀ ತಂದು ನನ್ನ ಮುಂದಿಟ್ಟರು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಇವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ನೀನು ಅವರ ಹತ್ರ ಹೇಳ್ಲಿಕ್ಕೆ ಹೋಗ್ಬೇಡ. ಆ ಮಗಳಿಗೆ ಫೋನ್ ಮಾಡಿ ಮೆಲ್ಲ ಕಿವಿಗೆ ಹಾಕು. ಅವಳು ನೋಡ್ಕೊಳ್ತಾಳೆ. ಅವರಿಗೆ ಗೊತ್ತಾಗುದೂ ಬೇಡ, ಬೇಜಾರಾಗುದೂ ಬೇಡ."

ನನಗೂ ಅದೇ ಸರಿ ಎನಿಸಿತು. ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಊಟದ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಅನಘಾ ತಲೆಯೆತ್ತಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ.

"ಸೋ ಯು ಲೈಡ್ ಟು ಹಿಮ್, ಆ್ಯಂಡ್ ನೌ ಯು ವಿಲ್ ಗೋ ಬಿಹೈಂಡ್ ಹಿಸ್ ಬ್ಯಾಕ್?"

"ಹಾಗಲ್ಲ ಪುಟ್ಟಾ, ದೊಡ್ಡವರು, ಅವರ ಮನಸ್ಸಿಗೆ..."

"ಅಮ್ಮಾ, ಯು ಡಿಡ್ ಇಟ್ ಟು ಮೀ ಟೂ. ಚೌಕಾಬಾರದಲ್ಲಿ. ಐ ಆಲ್ವೇಸ್ ನ್ಯೂ. ಐ ಹೇಟೆಡ್ ಇಟ್."

ಹೇಳಿ ಮತ್ತೆ ಲ್ಯಾಪ್‌ಟಾಪಿಗೆ ತಲೆ ತಗ್ಗಿಸಿದಳು. ಅಪ್ಪಯ್ಯನಿಗೂ ಗೊತ್ತಿತ್ತೇ ಎಂಬ ಪ್ರಶ್ನೆ ಐವತ್ತೇಳನೆಯ ವಯಸ್ಸಿನಲ್ಲಿ ಮೊದಲ ಬಾರಿ ನನ್ನ ತಲೆಗೆ ಬಂತು. ಸುತ್ತ ಎಲ್ಲರೂ ಸೇರಿ ಸೋಲುತ್ತಿರುವಾಗ ಹಲಗೆಯ ಆ ಬದಿಯಲ್ಲಿ ಅವರು ಎಷ್ಟು ಒಂಟಿಯಾಗಿದ್ದಿರಬಹುದು. ಫೋನು ಕೆಳಗಿಟ್ಟೆ.

ಮುಂದಿನ ಗುರುವಾರ ಮಿಸ್ಟರ್ ಲಿಯಾಂಗ್ ನನಗಿಂತ ಮೊದಲೇ ಬಂದು ಬಟ್ಟಲುಗಳ ಮುಚ್ಚಳ ತೆಗೆದಿಟ್ಟಿದ್ದರು.

"ಇವತ್ತು ಮೊದಲು ಹೋದ ವಾರದ ಆಟ ಇಡ್ತೇನೆ" ಎಂದೆ.

"ಹೊತ್ತಾಗ್ತದೆ."

"ನಾನೇ ಇಡ್ತೇನೆ. ನೀವು ನೋಡಿದ್ರೆ ಸಾಕು."

ಇಟ್ಟೆ. ಕಪ್ಪೂ ನಾನೇ, ಬಿಳಿಯೂ ನಾನೇ. ಮೊದಲ ವರ್ಷ ಹತ್ತು ಕಲ್ಲು ನೆನಪಿರದ ನನಗೆ ಆ ಆಟ ಪೂರ್ತಿ ನೆನಪಿತ್ತು. ಮೋಸ ಮಾಡುವವರು ಗಮನವಿಟ್ಟು ಆಡಬೇಕಾಗುತ್ತದೆ. ಎಪ್ಪತ್ತು ಕಲ್ಲು ದಾಟಿದ ಮೇಲೆ ಬಲಮೂಲೆಯಲ್ಲಿ ಕೈ ನಿಲ್ಲಿಸಿದೆ.

"ನಾನು ಇಲ್ಲಿ ಇಟ್ಟೆ. ಇಡಬೇಕಾದದ್ದು ಇಲ್ಲಿ" ಎಂದು ಕಪ್ಪು ಕಲ್ಲನ್ನು ಒಂದು ಗೆರೆ ಆಚೆ ಸರಿಸಿದೆ.

ಅವರು ಬಗ್ಗಿ ನೋಡಿದರು. ಆ ಒಂದು ಕಲ್ಲಿನಿಂದ ಅವರ ಹದಿನಾಲ್ಕು ಬಿಳಿ ಕಲ್ಲು ಸಾಯುತ್ತಿದ್ದವು. ಅದನ್ನು ಕಾಣಲು ಅವರಿಗೆ ಎರಡು ಕ್ಷಣವೂ ಬೇಕಾಗಲಿಲ್ಲ. ಅಷ್ಟು ಬುದ್ಧಿ ಇನ್ನೂ ಅವರಲ್ಲಿತ್ತು, ಅದೇ ನನ್ನನ್ನು ಇನ್ನಷ್ಟು ಚುಚ್ಚಿತು.

"ಇದು ಆವತ್ತೇ ಕಂಡಿತ್ತಾ ನಿಮಗೆ?"

"ಕಂಡಿತ್ತು."

ಆಚೆ ಮೇಜಿನಲ್ಲಿ ಮಾಜಾಂಗಿನ ಬಿಲ್ಲೆಗಳನ್ನು ಕಲಸುತ್ತಿದ್ದರು. ಆ ಸದ್ದು ನಿಂತ ಮೇಲೆ ಅವರು ಕೇಳಿದರು.

"ಎಷ್ಟು ಆಟ?"

"ಒಂಬತ್ತು."

ನೋಟ್‌ಬುಕ್ ತೆಗೆದು ತೆರೆದು ನನ್ನ ಮುಂದಿಟ್ಟರು. ಜೇಬಿನ ಎರಡು ಪೆನ್ನುಗಳಲ್ಲಿ ಕೆಂಪನ್ನು ಕೊಟ್ಟರು. ಒಂದೊಂದೇ ಗುರುವಾರದ ಎದುರು ನಾನು ಗೀಟು ಹಾಕಿದೆ. ಅವರ ಅಕ್ಷರ ಬಹಳ ಚೆನ್ನಾಗಿದೆ, ನಕ್ಷೆ ಮಾಡುವವರ ಅಕ್ಷರ. ಮೇಲಿನ ವಾರಗಳಿಂದ ಕೆಳಗಿನ ವಾರಗಳಿಗೆ ಬರುತ್ತಾ ಅದು ಸ್ವಲ್ಪ ಸ್ವಲ್ಪವೇ ಓರೆಯಾಗಿತ್ತು. ಒಂಬತ್ತನೆಯ ಗೀಟು ಹಾಕುವಾಗ ಕಣ್ಣು ತುಂಬಿ ಗೆರೆ ಸರಿಯಾಗಿ ಕಾಣಲಿಲ್ಲ.

"ನಮ್ಮ ಕಡೆ ಹಿರಿಯರ ಎದುರು ಹೀಗೇ ಆಡ್ತೇವೆ" ಎಂದೆ. "ಗೌರವ ಅಂತ ಮಾಡಿದೆ. ತಪ್ಪಾಯ್ತು."

"ನನ್ನ ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕೂರ್ತಾಳೆ, ಮಿಸೆಸ್ ರಾವ್" ಎಂದರು. ದನಿ ಎತ್ತಲಿಲ್ಲ. ಎದ್ದು ಹೊರಗೆ ಹೋದರು.

ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು. ಹೋಗಿಬಿಟ್ಟರು, ಇನ್ನು ಬರುವುದಿಲ್ಲ ಎಂದುಕೊಂಡು ಕಲ್ಲುಗಳನ್ನು ಬಟ್ಟಲಿಗೆ ತುಂಬತೊಡಗಿದೆ. ಆಗ ಬಂದರು. ಕೈಯಲ್ಲಿದ್ದ ಬಿಳಿ ಕಲ್ಲೊಂದನ್ನು ಗಡಿಬಿಡಿಯಲ್ಲಿ ಸ್ವೆಟರಿನ ಜೇಬಿಗೆ ಹಾಕಿಕೊಂಡದ್ದು ನನಗೇ ತಿಳಿಯಲಿಲ್ಲ. ಮುಖ ತೊಳೆದುಕೊಂಡು ಬಂದಿದ್ದರು, ಕಾಲರು ಒದ್ದೆಯಾಗಿತ್ತು. ನಾನು ರಿಯಾಯಿತಿಯ ಕಲ್ಲು ಇಡಲು ಹೋದಾಗ ಬೇಡವೆಂದು ಕೈ ಅಡ್ಡ ಹಿಡಿದರು.

"ಸಮ ಸಮ ಆಡೋಣ. ಪೂರ್ತಿ ಆಡಿ. ನನಗೆ ತಿಳೀಬೇಕು."

ಪೂರ್ತಿ ಆಡಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಆಟವನ್ನೂ ಗೆದ್ದಿಲ್ಲ. ಅವರು ತಪ್ಪಿದಲ್ಲೆಲ್ಲ ನನ್ನ ಕೈ ತಾನಾಗಿ ಪಕ್ಕಕ್ಕೆ ಜಾರಲು ನೋಡುತ್ತಿತ್ತು. ಹಿಡಿದು ತಂದು ಇಡಬೇಕಾದಲ್ಲೇ ಇಟ್ಟೆ. ಅವರ ಎಡಮೂಲೆ ಹೋಯಿತು, ನಡುಭಾಗ ಹೋಯಿತು. ಕೊನೆಯ ಹೊತ್ತಿಗೆ ಅವರ ಬೇಲಿಯೊಳಗೆ ಉಳಿದ ಜಾಗವನ್ನು ಎಣಿಸಲು ಎರಡು ಕೈಯ ಬೆರಳು ಸಾಕಿತ್ತು. ಅವರೇ ಎಣಿಸಿದರು, ಎರಡು ಸಲ. ನೋಟ್‌ಬುಕ್ಕಿನಲ್ಲಿ ಆ ದಿನದ ಎದುರು ತಮ್ಮ ಸೋಲನ್ನು ತಾವೇ ಬರೆದರು. ಬರೆದು, ಕೆಳಗೆ ಸಹಿಯನ್ನೂ ಹಾಕಿದರು.

ಪೆನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ ಕೇಳಿದರು:

"ಸ್ಯಾನ್ ರಮೋನ್‌ನಿಂದ ಇಲ್ಲಿಗೆ ಬಸ್ಸು ಇದೆಯಾ?"

ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿದ್ದೇನೆ, ಒಂದು ದಿನವೂ ಬಸ್ಸು ಹತ್ತಿಲ್ಲ, ಗೊತ್ತಿರಲಿಲ್ಲ. ಬಸ್ಸು ಯಾಕೆ, ನಾನೇ ಬಂದು ಕರೆದುಕೊಂಡು ಬರುತ್ತೇನೆ, ನನಗೇನೂ ತೊಂದರೆ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

"ನೋಡೋಣ ಬನ್ನಿ" ಎಂದೆ. ಇಬ್ಬರೂ ಎದ್ದು ಕೌಂಟರಿನ ಬಳಿ ಹೋಗಿ, ಬಸ್ಸಿನ ವೇಳಾಪಟ್ಟಿ ಬೇಕು ಎಂದು ಕೇಳಿದೆವು.